ಅಕ್ಕನ ಬಯಕೆಗೆ ಜಡೆಯ ತಂದ ಅಣಬೆ

ಕಾಡಿನ ಅಂಚಿಗೆ ಒಂದು ಹಟ್ಟಿ, ಹಟ್ಟಿಯ ಅಂಚಿಗೆ ಒಂದು ಮನೆ. ಮನೆಯಲ್ಲಿ ಪುಟ್ಟನಂಜಿ, ಅವಳ ಮಗ ಜಡೆಯ. ಜಡೆಯನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತಾಯಿಯ ಸಂಕಟವೆಲ್ಲ ಅದೇ.

ಆ ಮಳೆಗಾಲ ಮಗಳು ಮಾದೇವಿ ಹೆರಿಗೆಗೆ ತವರಿಗೆ ಬಂದಳು. ಬಂದವಳಿಗೆ ಹುತ್ತದ ಅಣಬೆ ಸಾರಿನ ಬಯಕೆ. ಬಯಕೆ ತೀರದಿದ್ದರೆ ಹುಟ್ಟೋ ಕೂಸಿನ ಕಿವಿ ಸೋರುತ್ತದೆ ಅಂತ ಊರೆಲ್ಲ ಅನ್ನುತ್ತದೆ. ಗುಡುಗಿದ ನಾಕು ದಿನ ಅಣಬೆ, ಆಮೇಲೆ ಬರೀ ಹುತ್ತ. ಪುಟ್ಟನಂಜಿಗೋ ಮೊಣಕಾಲು ಊದಿತ್ತು. ಇನ್ನು ಯಾರನ್ನು ಕಳಿಸುವುದು?

“ನೋಡಪ್ಪ, ಮರದ ಬುಡದ್ದು ಬೇಡ, ಸಗಣಿ ಮೇಲಿನದು ಬೇಡ, ಬಣ್ಣದ್ದಂತೂ ಬೇಡವೇ ಬೇಡ. ಹುತ್ತದ ಮೇಲಿರೋದನ್ನ ತಾ. ನಾನು ನೋಡಿ ಆರಿಸ್ತೀನಿ.”

“ಆಗಲವ್ವ,” ಅಂದ ಜಡೆಯ. ಹೋದ. ಸರಿಯಾದದ್ದನ್ನೇ ಕಿತ್ತ. ಟವೆಲಿನಲ್ಲಿ ಸೌದೆ ಹೊರೆಯ ಹಾಗೆ ಬಿಗಿದ. ಅದನ್ನೇ ದಿಂಬು ಮಾಡಿಕೊಂಡು ಮರದಡಿ ಒಂದು ನಿದ್ದೆ ತೆಗೆದ. ಮನೆಗೆ ಬಂದು ಬಿಚ್ಚಿದರೆ ಅಂಬಲಿ.

“ಅಯ್ಯೋ ನನ್ನ ಕರ್ಮವೇ. ಎಲೆ ಮೇಲೆ ಮಲಗಿಸಿ, ಎದೆಗೆ ಅವಚಿಕೊಂಡು ತರಬೇಕು ಕಣೋ, ಕೂಸಿನ ಹಾಗೆ.”

“ಆಗಲವ್ವ.”

ಮಾರನೆ ದಿನ ಹುತ್ತದ ಮೇಲೆ ಅಣಬೆ ಇರಲಿಲ್ಲ. ಒಂದು ಉಡ ಬಿಸಿಲು ಕಾಯಿಸುತ್ತಿತ್ತು. ಜಡೆಯ ಅದನ್ನೇ ಎಲೆಯ ಮೇಲೆ ಮಲಗಿಸಿ ಎದೆಗೆ ಅವಚಿಕೊಂಡ. ಉಡವೂ ಅವನನ್ನು ಅವಚಿಕೊಂಡಿತು. ಉಡದ ಹಿಡಿತ ಗೊತ್ತಲ್ಲ? ಕೊನೆಗೆ ಅಂಗಿಯನ್ನು ಅದಕ್ಕೇ ಬಿಟ್ಟುಕೊಟ್ಟು, ಮೈಯೆಲ್ಲ ಗೀರಿಸಿಕೊಂಡು ಮನೆ ಸೇರಿದ.

“ಕೂಸು ಅಂದೆಯಲ್ಲವ್ವ. ಹಠಮಾರಿ ಕೂಸು.”

ಪುಟ್ಟನಂಜಿ ಗಾಯಕ್ಕೆ ಅರಿಸಿನ ಹಚ್ಚುತ್ತ ಬೈದಳು. “ಕಾಡಲ್ಲಿ ಏನೇ ಕಂಡರೂ ಮುಟ್ಟಬೇಡ. ದೂರ ನಿಂತು ಕೈಮುಗಿ. ಅದು ಹೋಗೋವರೆಗೂ ಅಲ್ಲಾಡಬೇಡ.”

“ಆಗಲವ್ವ.”

ಮೂರನೆ ದಿನ ಹುತ್ತದ ತುಂಬ ಅಣಬೆ, ಮಲ್ಲಿಗೆ ಚೆಲ್ಲಿದ ಹಾಗೆ. ಜಡೆಯ ದೂರ ನಿಂತು ಕೈಮುಗಿದ. ಹೊತ್ತು ನೆತ್ತಿಗೇರಿತು, ಅಲ್ಲಾಡಲಿಲ್ಲ. ಪಕ್ಕದ ಮನೆ ದುಂಡಮ್ಮ ಬಂದಳು, ಕಿತ್ತಳು, ಬುಟ್ಟಿ ತುಂಬಿಕೊಂಡು ನಡೆದಳು. ಜಡೆಯ ಖುಷಿಯಾಗಿ ಮನೆಗೆ ಬಂದ.

“ಹೋಯ್ತವ್ವ.”

“ಯಾವುದೋ?”

“ಅಣಬೆ. ದುಂಡತ್ತೆ ಬುಟ್ಟಿಯಲ್ಲಿ ಕೂತು ಹೋಯ್ತು.”

ಪುಟ್ಟನಂಜಿ ಹಣೆ ಚಚ್ಚಿಕೊಂಡಳು. “ನಾಳೆ ಒಂದೇ ದಿನ ಉಳಿದಿರೋದು. ಕಂಡ ತಕ್ಷಣ ಕಿತ್ತು ಬುಟ್ಟಿಗೆ ಹಾಕು. ಯಾರು ಕೇಳಿದರೂ ಕೊಡಬೇಡ. ನನ್ನಾಣೆ.”

“ಆಗಲವ್ವ.”

ನಾಕನೆ ದಿನ ಜಡೆಯ ಬುಟ್ಟಿ ತುಂಬ ಹುತ್ತದಣಬೆ ತಂದ. ಒಂದೂ ಮುರಿದಿರಲಿಲ್ಲ. ತಾಯಿಯ ಕಣ್ಣು ತುಂಬಿತು.

“ನನ್ನಪ್ಪಾ, ಕೊಡು ಇಲ್ಲಿ.”

“ಕೊಡಲ್ಲ.”

“ನಾನು ಕಣೋ, ನಿಮ್ಮವ್ವ!”

“ಯಾರು ಕೇಳಿದರೂ ಅಂದೆ. ನಿನ್ನಾಣೆ ಇಟ್ಟಿದ್ದೀಯ.”

“ನನಗೆ ಕೊಡೋ,” ಅಂದಳು ಮಾದೇವಿ.

“ನಿನಗೇ ತಂದದ್ದು ಅಕ್ಕ. ನೀನು ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು.”

ಮಾದೇವಿ ತಮ್ಮನನ್ನು ಎತ್ತಿ ಆಡಿಸಿದವಳು. ಬಾಯಿ ಮುಚ್ಚಿ ಅವನ ಪಕ್ಕ ಕೂತಳು. ಸ್ವಲ್ಪ ಹೊತ್ತು ಬಿಟ್ಟು ಮಾತಿಲ್ಲದೆ ಬುಟ್ಟಿ ಎತ್ತಿಕೊಂಡಳು. ಜಡೆಯ ನಿಟ್ಟುಸಿರು ಬಿಟ್ಟು ನಕ್ಕ. ಅಬ್ಬ, ಯಾರೂ ಕೇಳಲಿಲ್ಲ.

ತಾಯಿ ಒಂದೊಂದನ್ನೂ ತಿರುವಿ ನೋಡಿ ಆರಿಸಿದಳು. ಸಾರು ಕುದಿಯಿತು. ಮಾದೇವಿ ಮೊದಲ ತುತ್ತು ನುಂಗಿ ಕಣ್ಣು ಮುಚ್ಚಿದಳು. ಒಂದು ಮುದ್ದೆ ಹೇಗೆ ಖಾಲಿಯಾಯಿತೋ ಗೊತ್ತೇ ಆಗಲಿಲ್ಲ. ಮೈಮರೆತು ತಟ್ಟೆ ಮುಂದೆ ಚಾಚಿದಳು.

“ಜಡೆಯಾ, ಇನ್ನೊಂದು ಸೌಟು ಹಾಕೋ.”

ಜಡೆಯನ ಮುಖ ಬಾಡಿತು. ಸಾರಿನ ಮಡಕೆ ಎತ್ತಿಕೊಂಡ, ಏಣಿ ಹತ್ತಿದ, ಅಟ್ಟ ಸೇರಿದ. ಬಿಸಿ ತಾಳದೆ ಉಸ್ ಉಸ್ ಅನ್ನುತ್ತ ಮೇಲಿಂದ ಇಣುಕಿದ.

“ಕೇಳಿಬಿಟ್ಟೆಯಲ್ಲಕ್ಕ,” ಅಂದ, ಅಳುವ ದನಿಯಲ್ಲಿ.