ಒಂದರಿಂದ ಶುರುವಾದ ಎಣಿಕೆ

ಹೊಳೆದಂಡೆಯ ಮಠವೊಂದರಲ್ಲಿ ತೋಂಟಯ್ಯಜ್ಜ ಎಂಬ ಗುರುಗಳಿದ್ದರು. ಮಂತ್ರ ಹೇಳಿಕೊಡುತ್ತಿರಲಿಲ್ಲ. ಕಂಪ್ಯೂಟರಿಗೆ ಕೆಲಸ ಹೇಳುವುದು ಹೇಗೆ, ಅದನ್ನು ಹೇಳಿಕೊಡುತ್ತಿದ್ದರು.

ಮಷೀನನ್ನು ಮೊದಲಿಗೇ ಮುಟ್ಟಗೊಡುತ್ತಿರಲಿಲ್ಲ. ಮೊದಲು ಅಲ್ಗಾರಿದಮ್ ಅನ್ನುವರು. ಯಾವುದು ಮುಂಚೆ, ಯಾವುದು ಆಮೇಲೆ, ಎಲ್ಲಿ ನಿಲ್ಲಬೇಕು ಎಂಬ ಕ್ರಮ. ಆಮೇಲೆ ಫ್ಲೋಚಾರ್ಟ್, ಅಂದರೆ ಆ ಕ್ರಮದ ಚಿತ್ರ. ಅದನ್ನು ಹೊಳೆಯ ಮರಳಲ್ಲಿ ಕೋಲಿನಿಂದ ಬರೆಯಬೇಕು, ಮನುಷ್ಯ ನಿಲ್ಲುವಷ್ಟು ದೊಡ್ಡದಾಗಿ. ಶುರುವಿಗೂ ಕೊನೆಗೂ ಮೊಟ್ಟೆಯಾಕಾರ. ಕೆಲಸಕ್ಕೆ ಚೌಕ. ಪ್ರಶ್ನೆಗೆ ವಜ್ರಾಕಾರ. ಅಲ್ಲಿಂದ ಹೌದು ಒಂದು ದಾರಿ, ಇಲ್ಲ ಒಂದು ದಾರಿ.

ಬರೆದವನು ಅದರ ಮೇಲೆ ನಡೆಯಬೇಕು. ದಾರಿ ತೋರುವ ಬಾಣ ಕರೆದಲ್ಲಿ ಹೋಗಬೇಕು, ಬರೆದಷ್ಟೇ ಮಾಡಬೇಕು. ಸ್ವಂತ ಬುದ್ಧಿ ದಂಡೆಯ ಮೇಲೆ, ಚಪ್ಪಲಿಯ ಜೊತೆ. ಹಾಗೆ ನಡೆದು ನೋಡದ ಚಿತ್ರ ಮಷೀನಿಗೆ ಹೋಗುತ್ತಿರಲಿಲ್ಲ.

ಶಿಷ್ಯರಲ್ಲಿ ಗದಿಗೆಪ್ಪ ತಲೆ ನೆರೆತವನು. ಹೆಂಡತಿ ಬಾಳವ್ವ ತೀರಿದ ಮೇಲೆ ಬಂದು ಸೇರಿದವನು.

ಜ್ವರ ಏರಿದಾಗ ಅವಳನ್ನು ಇವನೇ ಎತ್ತಿ ದೋಣಿಯಲ್ಲಿ ಕೂರಿಸಿದ್ದ. ಆಚೆ ದಂಡೆಯ ಆಸ್ಪತ್ರೆಗೆ ಅವಳ ಅಣ್ಣ ಜೊತೆ ಹೋದ. ದನ ಕಟ್ಟಿ, ಬುತ್ತಿ ತಗೊಂಡು ಬೆಳಗಾದರೆ ಬರುತ್ತೇನೆ ಅಂದಿದ್ದ ಇವನು. ಅಷ್ಟರಲ್ಲಿ ಹೊಳೆಗೆ ನೆರೆ ಬಂತು. ದೋಣಿ ನಿಂತಿತು. ನೀರು ಇಳಿದು ಇವನು ದಾಟುವ ಹೊತ್ತಿಗೆ ಅವಳನ್ನು ಅಲ್ಲೇ ಮಣ್ಣು ಮಾಡಿದ್ದರು.

ಮನೆಯಲ್ಲಿ ಇರಲಾಗಲಿಲ್ಲ. ಮಠದಲ್ಲಿ ಕಸ ಹೊಡೆದ, ಹೇಳಿದ್ದು ಕಲಿತ. ಸಂಜೆಗೆ ದೋಣಿ ನಿಲ್ಲುವ ಕಡವಿನ ಮೆಟ್ಟಿಲ ಮೇಲೆ ಕೂರುವನು, ಕಡೆಯ ದೋಣಿ ಬರುವತನಕ. ಬಂದ ಮೇಲೂ ಕೂರುವನು.

ಒಂದು ದಿನ ಕಡವಿಗೆ ದೀಪ ಬಂತು. ಹಗಲೆಲ್ಲ ಬಿಸಿಲು ಕುಡಿದು ಬ್ಯಾಟರಿ ತುಂಬಿಕೊಳ್ಳುವ ದೀಪ. ಅದರ ಕಂಬದಲ್ಲಿ ಒಂದು ಸಣ್ಣ ಮಷೀನು, ಎರಡು ಗುಂಡಿ. ಸಂಜೆಗೆ ಮರಳುವವರು ಹೋಗುವಾಗ ಹಸಿರು ಗುಂಡಿ ಒತ್ತಬೇಕು, ಬಂದಾಗ ಬಿಳಿಯದು. ಅಂಬಿಗರ ದುರಗಪ್ಪ ದೋಣಿ ಹತ್ತುವವರಿಗೆಲ್ಲ ಹೇಳುತ್ತಿದ್ದ, "ಹಸಿರು ಒತ್ತಿದವರು ನನ್ನ ಲೆಕ್ಕಕ್ಕ. ಒತ್ತದವರು ಯಮನ ಲೆಕ್ಕಕ್ಕ, ನನ್ನ ಕೇಳಬ್ಯಾಡ್ರಿ."

ದೀಪದ ಕ್ರಮ ಬರೆಯುವ ಕೆಲಸವನ್ನು ಅಜ್ಜ ಗದಿಗೆಪ್ಪನಿಗೆ ವಹಿಸಿದರು. ಹೊತ್ತು ಮುಳುಗಿದರೆ ಹತ್ತಬೇಕು. ಹೋದವರೆಲ್ಲ ಬಂದ ಮೇಲೆ ಆರಬೇಕು. ಆರದೆ ಉರಿದರೆ ಬ್ಯಾಟರಿ ಬರಿದಾಗುತ್ತದೆ, ಮರುಸಂಜೆಗೆ ಬೆಳಕಿಲ್ಲ. ಕಡವಿನಲ್ಲಿ ಬಂಡೆಗಳಿವೆ ಎಂದೂ ನೆನಪಿಸಿದರು.

ಗದಿಗೆಪ್ಪ ಬರೆದ. ಒಬ್ಬರು ಹೋದರೆ ಎಣಿಕೆಗೆ ಒಂದು ಕೂಡು. ಬಂದರೆ ಒಂದು ಕಳೆ. ಎಣಿಕೆ ಸೊನ್ನೆಯೇ? ಹೌದಾದರೆ ಆರಿಸು. ಇಲ್ಲವಾದರೆ ಕಾಯಿ, ಮತ್ತೆ ಕೇಳು.

ಎಲ್ಲ ಸರಿಯಿತ್ತು. ಮೊದಲ ಚೌಕ ಒಂದು ಬಿಟ್ಟು. ಅಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗಬೇಕು. ಅವನು ಒಂದು ಎಂದು ಬರೆದ. ಕೈ ತಪ್ಪಿ ಬರೆದದ್ದಲ್ಲ.

"ನಡದು ನೋಡಿದೇನು?" ಎಂದರು ಅಜ್ಜ.

"ನೋಡೀನ್ರಿ."

ನೋಡಿರಲಿಲ್ಲ. ಅಜ್ಜ ನಂಬಿದರು.

ಆ ಸಂಜೆ ಎಲ್ಲರೂ ಮರಳಿದರು. ದೀಪ ಆರಲಿಲ್ಲ. ಗದಿಗೆಪ್ಪ ಅದರ ಕೆಳಗೇ ಮಲಗಿದ. ಬಹಳ ಕಾಲದ ಮೇಲೆ ಕಣ್ಣಿಗೆ ನಿದ್ದೆ ಹತ್ತಿತ್ತು.

ಮರುದಿನ ಮೋಡ. ಹೊತ್ತು ಮುಳುಗಿತು, ದೀಪ ಹತ್ತಲಿಲ್ಲ. ಕಡೆಯ ದೋಣಿ ಮೆಟ್ಟಿಲು ಕಾಣದೆ ಬಂಡೆಗೆ ಬಡಿಯಿತು. ದುರಗಪ್ಪನ ಸೊಸೆ ನೀರಿಗೆ ಬಿದ್ದಳು. ಬಸುರಿ. ಜಡೆಗೆ ಕೈಹಾಕಿ ಎಳೆದುಕೊಂಡರು. ಉಳಿದಳು. ಅವಳು ಕೆಮ್ಮುವುದು ನಿಂತ ಮೇಲೆ ದುರಗಪ್ಪ ಕೇಳಿದ, ದೀಪ ಕಾಯುವವರು ಮಠದಲ್ಲಿ ಯಾರೂ ಬದುಕಿಲ್ಲವೇ ಎಂದು. ಗದಿಗೆಪ್ಪ ಅಲ್ಲೇ ನಿಂತಿದ್ದ.

ಬೆಳಗಾದ ಮೇಲೆ ಅಜ್ಜ ಅವನ ಚಿತ್ರವನ್ನು ಮರಳಲ್ಲಿ ಬರೆದರು, ಅವನು ಬರೆದಂತೆಯೇ. ಒಂದು ಮಡಕೆ ಕೊಟ್ಟರು. ಎಣಿಕೆಗೆ ಬದಲು ಹರಳು.

"ನಡಿ."

ಚಪ್ಪಲಿ ಬಿಟ್ಟು ನಡೆದ. ಮೊದಲ ಚೌಕದಲ್ಲಿ ಒಂದು ಹರಳು ಹಾಕಿದ. ಅಜ್ಜ ದಂಡೆಯಲ್ಲಿ ಕೂತು ಇಂಥವರು ಹೋದರು, ಇಂಥವರು ಬಂದರು ಎನ್ನುತ್ತಿದ್ದರು. ಅವನು ಹಾಕಿದ, ತೆಗೆದ. ಕೊನೆಗೆ ಎಲ್ಲರೂ ಬಂದರು ಎಂದು ಹೇಳಿ ಅಜ್ಜ ಸುಮ್ಮನಾದರು.

ಮಡಕೆಯಲ್ಲಿ ಹರಳು ಉಳಿದಿತ್ತು. ಸೊನ್ನೆಯೇ? ಇಲ್ಲ. ಕಾಯಿ. ಮತ್ತೆ ಕೇಳು. ಸೊನ್ನೆಯೇ? ಇಲ್ಲ.

ಸುತ್ತಿದ. ಬಿಸಿಲು ಏರಿತು. ಉಳಿದ ಶಿಷ್ಯರು ನೋಡಿ ನಕ್ಕು, ಆಮೇಲೆ ನಗುವುದು ಬಿಟ್ಟು ಊಟಕ್ಕೆ ಹೋದರು. ಮರಳು ಕಾದು ಅಂಗಾಲು ಸುಟ್ಟಿತು. ನಿಲ್ಲು ಎಂದು ಅಜ್ಜ ಹೇಳಲಿಲ್ಲ. ಅವರೂ ಊಟಕ್ಕೆ ಏಳಲಿಲ್ಲ.

ವಜ್ರದ ಮೇಲೆ ಗದಿಗೆಪ್ಪ ತಾನೇ ನಿಂತ.

"ಅಜ್ಜಾರ, ಒಬ್ಬಾಕಿ ಬಂದಿಲ್ರಿ."

"ಯಾರು?"

"ಬಾಳವ್ವ."

ಗದಿಗೆಪ್ಪ ಮಡಕೆಯ ಹರಳನ್ನು ತೋರಿಸಿದ.

"ಸೊನ್ನಿ ಬರದ್ರ ಆಕಿ ಹೋಗೇ ಇಲ್ಲ ಅಂದಂಗ ಆಕ್ಕೈತ್ರಿ. ಹೋಗ್ಯಾಳ. ನಾನ ಎತ್ತಿ ಕುಂಡ್ರಿಸೀನಿ."

"ಹೌದು. ಹೋಗ್ಯಾಳ."

"ಮತ್ತ?"

"ದುರಗಪ್ಪನ ಸೊಸಿ ಬರಾಕತ್ತಿದ್ಲು. ಆಕಿಗೆ ದೀಪ ಇರಲಿಲ್ಲ."

ಗದಿಗೆಪ್ಪ ತಲೆ ತಗ್ಗಿಸಿದ. ಆಮೇಲೆ ಹಿಂದಕ್ಕೆ ನಡೆದು ಮೊದಲ ಚೌಕದಲ್ಲಿ ಕೂತ. ಒಂದನ್ನು ಅಂಗೈಯಿಂದ ಒರೆಸಿದ. ಸೊನ್ನೆ ಬರೆದ. ಮಡಕೆಯ ಹರಳನ್ನು ಏನು ಮಾಡಬೇಕೆಂದು ಕೇಳಲಿಲ್ಲ, ಅಜ್ಜ ಹೇಳಲೂ ಇಲ್ಲ.

ದುರಗಪ್ಪನ ಮನೆಗೆ ಹೋಗಿ ತಪ್ಪು ತನ್ನದೆಂದು ಹೇಳಿ ಬಂದ. ದುರಗಪ್ಪ ಬೈದ. ಸೊಸೆ ನೀರು ಕೊಟ್ಟಳು.

ಹೊಸ ಕ್ರಮ ಮಷೀನಿಗೆ ಹೋಯಿತು. ಬಿಸಿಲು ಚೆನ್ನಾಗಿ ಬಿದ್ದ ದಿನ ಸಂಜೆ ದೀಪ ಹತ್ತಿತು. ಕಡೆಯ ದೋಣಿ ನೆಟ್ಟಗೆ ಮೆಟ್ಟಿಲಿಗೆ ಬಂತು. ಜನ ಮಾತಾಡುತ್ತ ಇಳಿದರು, ಬಿಳಿ ಗುಂಡಿ ಒತ್ತಿದರು, ಮನೆಯ ದಾರಿ ಹಿಡಿದರು. ಹಿಂದೆ ಒಬ್ಬ ಮುದುಕ ಉಳಿದಿದ್ದ, ಬುಟ್ಟಿ ಹೊತ್ತು ನಿಧಾನಕ್ಕೆ ಹತ್ತುತ್ತಿದ್ದ. ಅವನು ಒತ್ತಿದರೆ ಸೊನ್ನೆ.

ಗದಿಗೆಪ್ಪ ಕಂಬದ ಹತ್ತಿರ ಬಂದ. ಅವನ ಬೆರಳು ಹಸಿರು ಗುಂಡಿಯ ಮೇಲಿತ್ತು. ಯಾರೂ ಹೋಗುವವರಿರಲಿಲ್ಲ. ಪಕ್ಕದಲ್ಲಿ ಅಜ್ಜ ಬಂದು ನಿಂತದ್ದನ್ನು ಆಮೇಲೆ ನೋಡಿದ.

"ಇದನ್ನೊಮ್ಮಿ ಒತ್ತಿದ್ರ ಆರೂದಿಲ್ರಿ" ಎಂದ.

"ಆರಲಿ ಬಿಡು. ಕತ್ತಲದಾಗ ಕುಂಡ್ರಾಕ ನಾನೂ ಬರ್ತೀನಿ."