ನೀರಿಲ್ಲದ ಪೈಪು

“ಅಜ್ಜಾರ, ಒಬ್ಬರ ಮಾತು ನಂಬಿ ಇನ್ನೊಬ್ಬರ ಮ್ಯಾಲೆ ತಪ್ಪು ಹೊರಸೂದು ನ್ಯಾಯ ಆಗತೈತೇನ್ರಿ?”

ಹೀಗೆ ಕೇಳಿದವನು ಚೆನ್ನವೀರ. ಮಠದ ದಾಸೋಹದ ಉಸ್ತುವಾರಿ ಅವನದು. ಎಲ್ಲರೂ ಅಜ್ಜಾರ ಎಂದು ಕರೆಯುವ ಮಠದ ಗುರುಗಳನ್ನು ಕೇಳುವುದಕ್ಕೆ ಕಾರಣವಿತ್ತು. ಉಗ್ರಾಣದಲ್ಲಿ ಕಾಳು ಹಸನು ಮಾಡುವ ಸಾವಂತ್ರವ್ವ ಎಂಬ ವಿಧವೆ ಅವನ ಬಳಿಗೆ ಬಂದಿದ್ದಳು. ತಾನು ಒಬ್ಬಳೇ ಇರುವಾಗ ಉಗ್ರಾಣ ನೋಡಿಕೊಳ್ಳುವ ಹಿರಿಯನು ಬಾಗಿಲು ಮುಂದೆ ಮಾಡಿಕೊಂಡು ಮೈ ಮುಟ್ಟಲು ಬರುತ್ತಾನೆ ಎಂದು ಹೇಳಿಕೊಂಡಿದ್ದಳು. ಅವನು ಮಠದ ಹಳೆಯ ಸೇವಕ. ಊರಲ್ಲಿ ಒಳ್ಳೆಯ ಹೆಸರಿದ್ದವನು. ಕಣ್ಣಾರೆ ಕಂಡವರು ಬೇರೆ ಯಾರೂ ಇರಲಿಲ್ಲ. ಇನ್ನೊಬ್ಬರು ಸಾಕ್ಷಿ ಹೇಳಿದರೆ ವಿಚಾರಿಸೋಣ, ಅಲ್ಲಿಯವರೆಗೆ ಎಂದಿನಂತೆ ಕೆಲಸ ಮಾಡಿಕೊಂಡಿರು ಎಂದು ಚೆನ್ನವೀರ ಆಕೆಗೆ ಹೇಳಿ ಕಳಿಸಿದ್ದ. ತಾನು ಮಾಡಿದ್ದು ಸರಿ ಎಂದು ಗುರುಗಳ ಬಾಯಿಂದ ಕೇಳುವ ಆಸೆ ಅವನಿಗಿತ್ತು.

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಕೂಡು ಎಂದು ಕೈಸನ್ನೆ ಮಾಡಿ ಒಂದು ಕತೆ ಹೇಳಿದರು.

ಒಬ್ಬ ಸಾಹುಕಾರನಿಗೆ ಒಂದು ನೂಲಿನ ಗಿರಣಿ ಇತ್ತು. ಗಿರಣಿಗೆಲ್ಲ ಕರೆಂಟು ಹಂಚುವ ಪ್ಯಾನೆಲ್‌ಗಳು ಒಂದೇ ಕೋಣೆಯಲ್ಲಿದ್ದವು. ಹತ್ತಿ ಇರುವಲ್ಲಿ ಬೆಂಕಿಯ ಭಯ ಇದ್ದೇ ಇರುತ್ತದೆ. ಆದ್ದರಿಂದ ಗಿರಣಿಯ ಚಾವಣಿಗೆ ಉದ್ದಕ್ಕೂ ಪೈಪು ಹಾಯಿಸಿ, ಬೆಂಕಿ ಬಿದ್ದರೆ ತಾನಾಗಿಯೇ ನೀರು ಸುರಿಯುವಂತೆ ಮಾಡಿದ್ದರು. ಆ ಪೈಪು ಪ್ಯಾನೆಲ್ ಕೋಣೆಯ ಮೇಲೂ ಹಾದುಹೋಗಿತ್ತು.

ಒಮ್ಮೆ ಬಣ್ಣ ಬಳಿಯುವವರ ಏಣಿ ತಾಗಿ ಪೈಪಿನ ಮೂತಿ ಮುರಿಯಿತು. ಬೆಂಕಿಯಿಲ್ಲದೆ ನೀರು ಸುರಿಯಿತು. ಪ್ಯಾನೆಲ್‌ಗಳು ಕೆಟ್ಟವು, ಗಿರಣಿ ನಿಂತಿತು. ಅದು ಮತ್ತೆ ಓಡುವವರೆಗೆ ಕೂಲಿಯವರ ಮನೆಗಳಲ್ಲಿ ಒಲೆ ಸರಿಯಾಗಿ ಉರಿಯಲಿಲ್ಲ. ಸಾಹುಕಾರನಿಗೆ ಅದು ಮನಸ್ಸಿಗೆ ಹತ್ತಿತು. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ನನಗೆ ಸುಲಭವಾಗುತ್ತಿತ್ತು.

ಪಟ್ಟಣದಿಂದ ಒಬ್ಬ ಎಂಜಿನಿಯರ್ ಬಂದ. ಆ ಕೋಣೆಯ ಪೈಪಿನಲ್ಲಿದ್ದ ನೀರನ್ನೆಲ್ಲ ಇಳಿಸಿ ಬರಿದು ಮಾಡಿದ. ನೀರು ಗೋಡೆಯ ಆಚೆ ಒಂದು ವಾಲ್ವಿನ ಹಿಂದೆ ನಿಂತಿತು. ಚಾವಣಿಗೆ ಎರಡು ಸಣ್ಣ ಯಂತ್ರ ಕೂಡಿಸಿದ. ಒಂದಕ್ಕೆ ಹೊಗೆ ತಿಳಿಯುತ್ತದೆ, ಇನ್ನೊಂದಕ್ಕೆ ಕಾವು ತಿಳಿಯುತ್ತದೆ. ಒಂದೊಂದಕ್ಕೂ ಒಂದೊಂದು ಗಂಟೆ. ಎರಡೂ ಗಂಟೆ ಹೊಡೆದುಕೊಂಡರೆ ಮಾತ್ರ ವಾಲ್ವ್ ತೆರೆದು ಪೈಪಿಗೆ ನೀರು ಬರುತ್ತದೆ. ಧೂಳು ಎದ್ದರೆ ಹೊಗೆಯ ಯಂತ್ರ ಮೋಸ ಹೋಗಬಹುದು, ಬಿರುಬೇಸಿಗೆಯಲ್ಲಿ ಕಾವಿನ ಯಂತ್ರ ಮೋಸ ಹೋಗಬಹುದು, ಎರಡೂ ಒಟ್ಟಿಗೆ ಮೋಸ ಹೋಗುವುದು ಅಪರೂಪ ಎಂದು ವಿವರಿಸಿದ. ಒಂದೇ ಗಂಟೆ ಹೊಡೆದರೆ ಯಾರಾದರೂ ಹೋಗಿ ನೋಡಬೇಕು ಎಂದ. ಹೊರಡುವ ಮೊದಲು ಕೋಣೆಯ ಗೋಡೆಗೆ ಒಂದು ಕೆಂಪು ಹಿಡಿಕೆ ಜೋಡಿಸಿದ. ಒಳಗಿದ್ದವನು ಬೆಂಕಿ ಕಂಡರೆ ಗಂಟೆಗಳಿಗೆ ಕಾಯದೆ ಅದನ್ನು ಎಳೆದು ನೀರು ಬಿಡಲಿ, ಕಂಡವನು ಒಬ್ಬನಿದ್ದರೂ ಸಾಕು ಎಂದು ಹೇಳಿ ಹೋದ.

ಸಾಹುಕಾರನಿಗೆ ಜೋಡಿ ಗಂಟೆಯ ನಿಯಮ ಬಹಳ ಹಿಡಿಸಿತು. ಹಿಡಿಕೆ ಮಾತ್ರ ಹಿಡಿಸಲಿಲ್ಲ. ಯಾರೋ ಒಬ್ಬ ಗಾಬರಿಬಿದ್ದು ಎಳೆದರೆ ಮತ್ತೆ ಅದೇ ಪಾಡು ಎಂದು, ಅದರ ಮೇಲೆ ಕಬ್ಬಿಣದ ಪೆಟ್ಟಿಗೆ ಕೂಡಿಸಿ ಬೀಗ ಹಾಕಿಸಿದ. ಬೀಗದ ಕೈ ಮ್ಯಾನೇಜರನ ಬಳಿ ಉಳಿಯಿತು. ಒಂದೇ ಗಂಟೆ ಹೊಡೆದಾಗ ಕೆಲಸ ಬಿಟ್ಟು ಏಳಬಾರದು, ಎರಡೂ ಹೊಡೆದಾಗ ಓಡಬೇಕು ಎಂದು ಕೂಲಿಯವರಿಗೆ ಕಲಿಸಿದ. ಅಲ್ಲಿಗೂ ನಿಲ್ಲಲಿಲ್ಲ. ಯಂತ್ರಗಳ ನಿಯಮವನ್ನು ಮನುಷ್ಯರಿಗೂ ತಂದ. ಇಬ್ಬರು ಬಂದು ಹೇಳದ ದೂರಿಗೆ ಅವನು ಕಿವಿಗೊಡುತ್ತಿರಲಿಲ್ಲ. ಗಿರಣಿಯಲ್ಲಿ ಚಾಡಿಮಾತು ನಿಂತಿತು. ಇಂಥ ನ್ಯಾಯವಂತ ಎಲ್ಲೂ ಇಲ್ಲ ಎಂದು ಜನ ಹೊಗಳಿದರು. ನೀನು ಅಲ್ಲಿದ್ದಿದ್ದರೆ ನೀನೂ ಹೊಗಳುತ್ತಿದ್ದೆ, ಚೆನ್ನವೀರ.

ಪ್ಯಾನೆಲ್ ಕೋಣೆಯಲ್ಲಿ ಕೆಲಸಕ್ಕಿದ್ದವನು ಒಬ್ಬನೇ ಒಬ್ಬ. ಒಂದು ದಿನ ಅವನಿಗೆ ಮೂಲೆಯ ಪ್ಯಾನೆಲ್ ಕಡೆಯಿಂದ ಸುಟ್ಟ ವಾಸನೆ ಬಂತು. ಮ್ಯಾನೇಜರನಿಗೆ ಹೇಳಿದ. ಮ್ಯಾನೇಜರ್ ಊಟದ ಬಿಡುವಿನಲ್ಲಿ ಬಂದು ಮೂಸಿ ನೋಡಿದ. ಏನೂ ಬರಲಿಲ್ಲ. ಗಿರಣಿಯ ಯಂತ್ರಗಳೆಲ್ಲ ಓಡುವಾಗ ಮಾತ್ರ ಆ ವಾಸನೆ ಏಳುತ್ತಿತ್ತು, ಬಿಡುವಿನಲ್ಲಿ ಅಡಗುತ್ತಿತ್ತು. ಅವನು ಅದನ್ನೂ ಹೇಳಿದ. ಮ್ಯಾನೇಜರ್ ನಕ್ಕು ಹೋದ. ಕೊನೆಗೆ ಅವನು ಸಾಹುಕಾರನ ಮುಂದೆಯೇ ಹೋಗಿ ನಿಂತ. ಸಾಹುಕಾರ ಸಮಾಧಾನದಿಂದಲೇ ಎಲ್ಲ ಕೇಳಿಸಿಕೊಂಡ. ನಿನ್ನನ್ನು ಬಿಟ್ಟು ಮತ್ತೆ ಯಾರಿಗೆ ವಾಸನೆ ಬಂದಿದೆ ಎಂದು ವಿಚಾರಿಸಿದ.

“ಆ ಖೋಲ್ಯಾಗ ಇರಾಂವ ನಾ ಒಬ್ಬನ ರೀ, ಸಾವ್ಕಾರ್ರ. ಇನ್ನೊಂದು ಮೂಗು ಎಲ್ಲಿಂದ ತರ್ಲಿ?”

“ನೀ ಸುಳ್ಳ ಹೇಳತಿ ಅಂತ ನಾ ಅನ್ನಂಗಿಲ್ಲ. ಇನ್ನೊಬ್ಬ ಬಂದು ಹೇಳಲಿ, ಅವತ್ತ ಗಿರಣಿ ನಿಂದರಸ್ತೀನಿ.”

ಅವನು ಇನ್ನೊಬ್ಬನನ್ನು ಹುಡುಕಲು ಹೊರಟ. ನೂಲು ಸುತ್ತುವ ವಿಭಾಗದಲ್ಲಿ ಒಬ್ಬ ಗೆಳೆಯನಿದ್ದ. ಅವನ ಕೈ ಹಿಡಿದು ಕರೆತಂದು ಪ್ಯಾನೆಲ್ ಮುಂದೆ ನಿಲ್ಲಿಸಿದ. ಗೆಳೆಯ ಮೂಸಿದ, ಹೌದು ಎಂದು ತಲೆಯಾಡಿಸಿದ. ಮರುದಿನ ಮ್ಯಾನೇಜರ್ ಕೇಳಿದಾಗ ತನಗೇನೂ ಬರಲಿಲ್ಲ ಎಂದುಬಿಟ್ಟ. ಪಾಪ, ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಂದಿನಿಂದ ಗಿರಣಿಯವರು ಪ್ಯಾನೆಲ್ ಕೋಣೆಯವನನ್ನು ಕಂಡಲ್ಲೆಲ್ಲ ಮೂಗು ಮುಚ್ಚಿಕೊಂಡು ನಗತೊಡಗಿದರು.

ಬರಬರುತ್ತ ಅವನಿಗೇ ಅನುಮಾನ ಹಿಡಿಯಿತು. ಮನೆಯಲ್ಲಿ ಹೆಂಡತಿ ರೊಟ್ಟಿ ಸುಡುವಾಗ ಎದ್ದುಹೋಗಿ ಮೂಸಿ ನೋಡುವನು. ಎಲ್ಲ ಕಡೆ ಅದೇ ವಾಸನೆ ಬರುತ್ತಿದೆ, ನನ್ನ ಮೂಗೇ ಕೆಟ್ಟಿತೇನೋ ಎನ್ನುವನು. ಮುಂದೆ ಬಿದ್ದ ಬೆಂಕಿಗಿಂತ ನನಗೆ ಇದೇ ಹೆಚ್ಚು ಸಂಕಟ ಕೊಡುತ್ತದೆ. ನಿಜ ಹೇಳಿದ ಮನುಷ್ಯ ತನ್ನನ್ನೇ ನಂಬದಂತಾದ.

ಒಂದು ಮಧ್ಯಾಹ್ನ, ಯಂತ್ರಗಳೆಲ್ಲ ಓಡುತ್ತಿದ್ದಾಗ, ಮೂಲೆಯ ಪ್ಯಾನೆಲ್ ಒಳಗೊಳಗೇ ಹೊತ್ತಿಕೊಂಡಿತು. ವೈರುಗಳು ಕರಗಿ ಕಪ್ಪು ಹೊಗೆ ಎದ್ದಿತು. ಕೋಣೆಯ ಬಾಗಿಲು ಅವನ ಬೆನ್ನ ಹಿಂದೆಯೇ ಇತ್ತು. ಓಡಿಹೋಗಬಹುದಿತ್ತು. ಹೋಗಿ ಯಾರಿಗೆ ಹೇಳುವುದು? ಮತ್ತೆ ಯಾರು ಕಂಡರು ಎಂದು ಕೇಳುತ್ತಾರೆ. ಅವನು ಕೂಡುವ ಸ್ಟೂಲನ್ನು ಎತ್ತಿ ಹಿಡಿಕೆಯ ಪೆಟ್ಟಿಗೆಗೆ ಬಡಿಯತೊಡಗಿದ.

ಹೊಗೆಯ ಗಂಟೆ ಹೊಡೆದುಕೊಂಡಿತು. ಗಿರಣಿಯವರೆಲ್ಲ ತಲೆ ಎತ್ತಿದರು. ಒಂದೇ ಗಂಟೆ ಎಂದು ತಿಳಿದು, ಕಲಿಸಿದ್ದ ಹಾಗೆ ತಲೆ ತಗ್ಗಿಸಿ ಕೆಲಸಕ್ಕೆ ಹತ್ತಿದರು. ಮ್ಯಾನೇಜರ್ ಬೀಗದ ಕೈ ಜೇಬಿನಲ್ಲಿಟ್ಟುಕೊಂಡೇ, ಇನ್ನೊಂದು ಹೊಡೆಯುತ್ತದೆಯೇ ಎಂದು ಕಿವಿಗೊಟ್ಟು ಕಾದ. ಕಾವಿನ ಯಂತ್ರ ಚಾವಣಿಯ ಆಚೆ ತುದಿಯಲ್ಲಿತ್ತು. ಅಲ್ಲಿಗೆ ಹೊಗೆ ಮುಟ್ಟಿದಷ್ಟು ಬೇಗ ಕಾವು ಮುಟ್ಟುವುದಿಲ್ಲ.

ಕಡೆಗೆ ಎರಡನೆಯ ಗಂಟೆಯೂ ಹೊಡೆಯಿತು. ವಾಲ್ವ್ ತೆರೆಯಿತು. ಬರಿದಾಗಿದ್ದ ಪೈಪಿಗೆ ನೀರು ಬಂತು, ಬೆಂಕಿ ಆರಿತು. ಎಂಜಿನಿಯರ್ ಕೂಡಿಸಿದ ಯಂತ್ರಗಳಲ್ಲಿ ಯಾವುದೂ ತಪ್ಪಲಿಲ್ಲ. ಜನ ಓಡಿಬಂದಾಗ ಅವನು ಪೆಟ್ಟಿಗೆಯ ಕೆಳಗೆ ನೀರಿನಲ್ಲಿ ಬಿದ್ದಿದ್ದ. ಮೈಮೇಲೆ ಒಂದೂ ಸುಟ್ಟ ಗಾಯವಿರಲಿಲ್ಲ. ಹೊಗೆ ಕುಡಿದು ಸತ್ತಿದ್ದ. ಪೆಟ್ಟಿಗೆಯ ಬೀಗ ಸೊಟ್ಟಗಾಗಿತ್ತು, ಒಡೆದಿರಲಿಲ್ಲ.

ಸಾಹುಕಾರ ಅವನ ಮನೆಗೆ ಹೋಗಿ ಅತ್ತ. ತೋರಿಕೆಗೆ ಅತ್ತದ್ದಲ್ಲ, ನಿಜವಾಗಿ ಅತ್ತ. ಸತ್ತವನ ಹೆಂಡತಿ ಪರಿಹಾರ ಕೇಳಲಿಲ್ಲ, ಬೈಯಲೂ ಇಲ್ಲ. ಮೊದಲ ಗಂಟೆ ಯಾರಿಗೂ ಕೇಳಿಸಲಿಲ್ಲವೇ ಎಂದಷ್ಟೇ ಕೇಳಿದಳು. ಎಲ್ಲರಿಗೂ ಕೇಳಿಸಿತ್ತು.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು.

ಚೆನ್ನವೀರ ಮೆಲ್ಲಗೆ ವಾದಕ್ಕೆ ಇಳಿದ. ಏಣಿ ತಾಗಿ ಸುಮ್ಮನೆ ನೀರು ಸುರಿದದ್ದೂ ನಿಜವಲ್ಲವೇ ಎಂದ. ಆಕೆಯ ಮಾತು ಸುಳ್ಳಾಗಿದ್ದರೆ ಹಿರಿಯನ ಮಾನ ಬೀದಿಪಾಲಾಗುತ್ತದೆ, ಹೋದ ಮಾನವನ್ನು ತಾನು ತಂದುಕೊಡಲಾರೆ ಎಂದ. ಗುರುಗಳು ಒಪ್ಪಿಕೊಂಡರು. ಆ ಭಯ ಇರಬೇಕಾದದ್ದೇ ಎಂದರು. ಹಿರಿಯನನ್ನು ತಪ್ಪಿತಸ್ಥ ಎನ್ನುವ ಮೊದಲು ಎಷ್ಟು ಸಾಕ್ಷಿ ಬೇಕೋ ಅಷ್ಟನ್ನೂ ಹುಡುಕು, ಅವಸರ ಮಾಡಬೇಡ ಎಂದರು.

ಚೆನ್ನವೀರನ ಮುಖ ಹಗುರಾಯಿತು. ಅವನು ಪಾದಕ್ಕೆ ನಮಸ್ಕರಿಸಿ ಎದ್ದ. ಬಾಗಿಲವರೆಗೆ ಹೋದವನನ್ನು ಗುರುಗಳು ತಡೆದು ಕೇಳಿದರು:

“ಆ ಸಾಕ್ಷಿ ಸಿಗೂತನಕ ಸಾವಂತ್ರವ್ವನ್ನ ಯಾವ ಖೋಲಿಗೆ ಕಳಿಸೀದಿ?”