ಗೋಡೆಗೆ ಮುಖ ಮಾಡಿದ ತರಗತಿ

"ಅಪ್ಪಾವರೆ, ಮಠದ ಶಾಲೆಯ ಗ್ರಂಥಾಲಯವನ್ನು ಬುಡದಿಂದ ಹೊಸದು ಮಾಡಿದ್ದೇನೆ. ಬೆಳಕಿದೆ, ಗಾಳಿಯಿದೆ, ಒಳ್ಳೆಯ ಪುಸ್ತಕಗಳಿವೆ. ಆದರೂ ಮಕ್ಕಳು ಕರೆದರೆ ಬರುತ್ತಾರೆ, ಬಿಟ್ಟರೆ ಹೊರಟುಬಿಡುತ್ತಾರೆ. ನಾನು ಇನ್ನೇನು ತಂದಿಡಬೇಕು?"

ಹೀಗೆ ಕೇಳಿದವನು ಅಡವೀಶ. ಮಠದ ಪ್ರಾಥಮಿಕ ಶಾಲೆಯ ಹೊಣೆಯನ್ನು ಗುರುಗಳು ಅವನಿಗೆ ವಹಿಸಿದ್ದರು. ಅವರು ಪ್ರಶ್ನೆಗೆ ನೇರವಾಗಿ ಉತ್ತರಿಸಲಿಲ್ಲ. ಕುಳಿತುಕೋ ಎಂದು ಸನ್ನೆ ಮಾಡಿ, ಕತೆಗೆ ತೊಡಗಿದರು.

ಒಂದು ಊರಿನ ಶಾಲೆಯಲ್ಲಿ ಒಬ್ಬ ಮುಖ್ಯೋಪಾಧ್ಯಾಯಿನಿ ಇದ್ದಳು. ಮಕ್ಕಳೆಂದರೆ ಅವಳಿಗೆ ಜೀವ. ಅಧಿಕಾರ ವಹಿಸಿಕೊಂಡ ಹೊಸದರಲ್ಲೇ ತರಗತಿಗಳಲ್ಲಿದ್ದ ಬೆತ್ತಗಳನ್ನೆಲ್ಲ ತರಿಸಿ ಬಿಸಿಯೂಟದ ಒಲೆಗೆ ಹಾಕಿಸಿದ್ದಳು. ಆ ಶಾಲೆಯಲ್ಲಿ ಮಕ್ಕಳಿಗೆ ಪೆಟ್ಟು ಬೀಳುವುದಿಲ್ಲ ಎಂಬ ಮಾತು ಸುತ್ತಲಿನ ಹಳ್ಳಿಗಳಿಗೂ ಹಬ್ಬಿತ್ತು. ಅದನ್ನು ಕೇಳಿದಾಗಲೆಲ್ಲ ಅವಳ ಮುಖ ಅರಳುತ್ತಿತ್ತು.

ಅವಳಿಗೆ ಇದ್ದದ್ದು ಒಂದೇ ಕೊರಗು. ಶಾಲೆಯ ಗ್ರಂಥಾಲಯ ಹೆಸರಿಗೆ ಮಾತ್ರ ಗ್ರಂಥಾಲಯವಾಗಿತ್ತು. ಅವಳ ಕಚೇರಿಯ ಹಿಂದೆ, ಇನ್ನೊಂದು ಕಡೆಗೆ ಬಾಗಿಲಿದ್ದ ಕತ್ತಲ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು, ಅದಕ್ಕೊಂದು ಬೀಗ, ಬೀಗದ ಕೈ ಅವಳ ಗೊಂಚಲಿನಲ್ಲಿ. ಒಮ್ಮೆ ತಪಾಸಣೆಗೆಂದು ಬೀರು ತೆರೆದಾಗ ಅರ್ಧ ಪುಸ್ತಕಗಳು ಗೆದ್ದಲಿಗೆ ಆಹಾರವಾಗಿದ್ದವು. ಅಂದೇ ಅವಳು ನಿಶ್ಚಯಿಸಿದಳು: ಈ ಕೋಣೆಯನ್ನು ಮಕ್ಕಳ ಕೈಗೆ ಒಪ್ಪಿಸಬೇಕು.

ಅದರ ಬೆನ್ನು ಹತ್ತಿ ಒಂದು ವರ್ಷ ಓಡಾಡಿದಳು. ಶಾಲೆಯಲ್ಲಿ ಕಲಿತು ಮುಂದೆ ಬಂದವರ ಮನೆಬಾಗಿಲಿಗೆ ಹೋಗಿ ನೆರವು ಕೇಳಿದಳು. ಗೋಡೆ ಒಡೆಸಿ ದೊಡ್ಡ ಕಿಟಕಿಗಳನ್ನು ಇಡಿಸಿದಳು. ಒಂದನೆಯ ತರಗತಿಯ ಮಗುವಿನ ಕಣ್ಣಿಗೆ ಏನು ಕಾಣುತ್ತದೆ, ಕೈಗೆ ಏನು ಎಟಕುತ್ತದೆ ಎಂದು ತಿಳಿಯಲು ತಾನೇ ನೆಲದ ಮೇಲೆ ಮೊಣಕಾಲೂರಿ ಕುಳಿತು, ಬಡಗಿಗೆ ಕಪಾಟಿನ ಎತ್ತರ ತೋರಿಸಿದಳು. ಹೊಸ ಕಪಾಟುಗಳಿಗೆ ಬೀಗವಿರಲಿಲ್ಲ. ನೆಲಕ್ಕೆ ಜಮಖಾನೆ ಬಂತು. ಶಿಕ್ಷಕರಿಗೆಂದು ಕಿಟಕಿಯ ಪಕ್ಕದಲ್ಲಿ ಒಂದು ಮೇಜು, ಪಾಠಕ್ಕೆ ಬೇಕಾಗುವ ನಕ್ಷೆಗಳು, ಚಿತ್ರಪಟಗಳು. ಗೋಡೆಯ ಮೇಲೆ ನವಿಲು, ಆನೆ, ಗಾಳಿಪಟ. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ 'ಗ್ರಂಥಾಲಯ' ಎಂದು ಬರೆಸಿದಳು.

ಉದ್ಘಾಟನೆಗೆ ದೊಡ್ಡವರೆಲ್ಲ ಬಂದರು. ಅವರು ಒಳಗೆ ಸುತ್ತಾಡಿ ಹೊಗಳಿದರು. ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಮೂರನೆಯ ತರಗತಿಯನ್ನು ಮೊದಲು ಕಳಿಸುವಂತೆ ಅವಳು ಹೇಳಿಕಳಿಸಿದಳು. ಮಕ್ಕಳು ಒಳಗೆ ಬಂದಾಗ ಯಾವ ಮುಖದಲ್ಲಿ ಯಾವ ಬೆರಗು ಮೂಡುತ್ತದೋ ನೋಡಬೇಕೆಂದು ಕಿಟಕಿಯ ಬಳಿ ಕಾದು ನಿಂತಳು.

ಮಕ್ಕಳು ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಬ್ಬರ ಹಿಂದೆ ಒಬ್ಬರು ಒಳಗೆ ಕಾಲಿಟ್ಟರು. ಒಂದು ಪಿಸುಮಾತೂ ಇರಲಿಲ್ಲ. ಬೆರಗಿಗೆ ಮಾತು ನಿಂತಿದೆ ಎಂದುಕೊಂಡಳು. ಮಕ್ಕಳು ಕಪಾಟುಗಳ ನಡುವೆ ಹಾದುಹೋದರು. ಯಾರೂ ಪುಸ್ತಕ ಮುಟ್ಟಲಿಲ್ಲ. ಕೋಣೆಯ ಉದ್ದಕ್ಕೂ ಹರಡಿಕೊಂಡು, ನವಿಲಿನ ಮುಂದೆ, ಆನೆಯ ಮುಂದೆ, ಗಾಳಿಪಟದ ಮುಂದೆ ನಿಂತು, ಗೋಡೆಗೆ ಮುಖ ಮಾಡಿದರು. ಆಮೇಲೆ ಕೈಗಳನ್ನು ಅಡ್ಡಡ್ಡ ತಂದು ತಮ್ಮ ಕಿವಿಗಳನ್ನು ತಾವೇ ಹಿಡಿದುಕೊಂಡರು. ಬೇರೆ ಶಾಲೆಯಿಂದ ಆಗಷ್ಟೇ ಬಂದು ಸೇರಿದ್ದ ಒಂದು ಮಗು ಸುತ್ತಮುತ್ತ ನೋಡುತ್ತ ನಿಂತಿತ್ತು. ಪಕ್ಕದವಳು ಅದರ ಕೈಗಳನ್ನು ಮೆಲ್ಲಗೆ ಎತ್ತಿ ಕಿವಿಯ ಮೇಲಿಟ್ಟಳು.

ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ನಿಂತಿದ್ದ ಶಿಕ್ಷಕಿಯನ್ನು ನೋಡಿದಳು. ಶಿಕ್ಷಕಿ ತಲೆ ತಗ್ಗಿಸಿದಳು. ಮುಖ್ಯೋಪಾಧ್ಯಾಯಿನಿ ಹತ್ತಿರದ ಹುಡುಗಿಯ ಪಕ್ಕದಲ್ಲಿ ಕುಳಿತು, ಯಾಕಮ್ಮ ಹೀಗೆ ನಿಂತಿದ್ದೀರಿ ಎಂದು ಕೇಳಿದಳು.

ಹುಡುಗಿ ಗೋಡೆಯಿಂದ ಮುಖ ತಿರುಗಿಸಲಿಲ್ಲ. "ಏನು ತಪ್ಪು ಮಾಡಿದ್ದೀವೋ ಗೊತ್ತಿಲ್ಲ ಅಕ್ಕೋರೆ," ಎಂದಳು. "ಎಲ್ಲರೂ ಗ್ರಂಥಾಲಯಕ್ಕೆ ನಡೀರಿ ಅಂತ ನಮ್ಮ ಟೀಚರ್ ಅಂದರು."

ಆ ಮಾತು ಕೇಳಿ ಅವಳು ಅಲ್ಲಿಂದ ಏಳಲಾರದೆ ಹೋದಳು. ಕೊನೆಗೆ ಶಿಕ್ಷಕಿಯೇ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದಳು. ಹೊಸ್ತಿಲು ದಾಟಿದ ಮೇಲೆ ಮಕ್ಕಳ ದನಿ ಮರಳಿ ಬಂದುದು ಅವಳಿಗೆ ಕೇಳಿಸಿತು.

ಅಂದು ಮಧ್ಯಾಹ್ನದೊಳಗೆ ಅವಳು ಒಂದೊಂದೇ ಸಂಗತಿ ತಿಳಿದುಕೊಂಡಳು. ಬೆತ್ತಗಳನ್ನು ಸುಡಿಸಿದ ಹೊಸದರಲ್ಲಿ ಒಬ್ಬ ಶಿಕ್ಷಕ ಗಲಾಟೆ ಮಾಡಿದ ಹುಡುಗನನ್ನು ಅವಳ ಬಳಿಗೆ ಎಳೆದು ತಂದಿದ್ದನಂತೆ. ಅವಳು ಯಾವುದೋ ಕಾಗದಕ್ಕೆ ಸಹಿ ಹಾಕುತ್ತಿದ್ದವಳು ತಲೆ ಎತ್ತದೆ, ಹೊಡೆಯಬೇಡಿ, ಗ್ರಂಥಾಲಯದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ತಾನೇ ಸುಮ್ಮನಾಗುತ್ತಾನೆ ಎಂದಿದ್ದಳಂತೆ. ಅವಳಿಗೆ ಅದು ಮರೆತೇ ಹೋಗಿತ್ತು. ಶಿಕ್ಷಕರು ಮರೆಯಲಿಲ್ಲ. ಆ ಮಾತೇ ಶಾಲೆಯ ಕಟ್ಟಳೆಯಾಯಿತು. ಆಟದಲ್ಲಿ ಸೋತವನನ್ನು ಮಕ್ಕಳು ಗ್ರಂಥಾಲಯಕ್ಕೆ ಕಳಿಸುತ್ತಿದ್ದರು. ಊಟಕ್ಕೆ ಹಟ ಮಾಡಿದರೆ ಗ್ರಂಥಾಲಯಕ್ಕೆ ಹಾಕಿಸುತ್ತೇನೆ ಎಂದು ತಾಯಂದಿರು ಹೆದರಿಸುತ್ತಿದ್ದರು. ಕೋಣೆಯ ಕೆಲಸ ನಡೆದಿದ್ದ ವರ್ಷ, ಅದು ತಯಾರಾಗಲಿ, ಆಮೇಲೆ ನಿಮ್ಮನ್ನು ನೋಡಿಕೊಳ್ಳುತ್ತೇವೆ ಎಂದು ಶಿಕ್ಷಕರು ಅನ್ನುತ್ತಿದ್ದರು. ಅವಳು ಕಿಟಕಿ ಇಡಿಸುತ್ತಿದ್ದಾಗ ಮಕ್ಕಳು ದೂರದಿಂದ ನೋಡುತ್ತ ನಿಂತಿರುತ್ತಿದ್ದುದು ಅವಳ ಕಣ್ಣಿಗೆ ಕಟ್ಟಿತು. ಆಸೆಯಿಂದ ನೋಡುತ್ತಿದ್ದಾರೆ ಎಂದುಕೊಂಡಿದ್ದಳು.

ಬಣ್ಣ ಬಳಿದವನು ಹೇಳಿದ್ದೂ ಆಗ ನೆನಪಾಯಿತು. ಹಳೆಯ ಗೋಡೆಗೆ ಸೊಂಟದೆತ್ತರದಲ್ಲಿ ಸಾಲಾಗಿ ಎಣ್ಣೆಯ ಕಲೆಗಳಿವೆ, ಅಲ್ಲಿ ಬಣ್ಣ ಹಿಡಿಯುವುದಿಲ್ಲ ಎಂದಿದ್ದ. ಉಜ್ಜಿ ತೊಳೆದು ಇನ್ನೊಂದು ಕೈ ಬಳಿಯಲು ಅವಳು ಹೇಳಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆಗಳು, ನಿಂತು ನಿಂತು ದಣಿದು, ಅಲ್ಲಿ ಒರಗಿದ್ದವು. ಆ ಗೋಡೆಯ ಈಚೆ ಬದಿಯಲ್ಲೇ ಅವಳ ಕುರ್ಚಿ ಇತ್ತು. ನಮ್ಮ ಶಾಲೆ ಎಷ್ಟು ಶಾಂತವಾಗಿದೆ ಎಂದು ಅವಳು ಅಲ್ಲಿ ಕುಳಿತೇ ಬಂದವರಿಗೆ ಹೇಳುತ್ತಿದ್ದಳು.

ಸಂಜೆ ಶಿಕ್ಷಕರನ್ನು ಕರೆಸಿದಳು. ಸಿಟ್ಟಿನಲ್ಲಿ ಅವಳ ಬಾಯಿಗೆ ಬಂದದ್ದನ್ನೆಲ್ಲ ಅವರು ಕೇಳಿಸಿಕೊಂಡರು. ಕೊನೆಗೆ ಹಿರಿಯ ಶಿಕ್ಷಕನೊಬ್ಬ ಎದ್ದು ನಿಂತ.

"ಬೆತ್ತ ಕಿತ್ತುಕೊಂಡಿರಿ, ಒಳ್ಳೆಯದೇ ಆಯಿತು. ತರಗತಿಯ ತುಂಬ ಮಕ್ಕಳು, ನಾನೊಬ್ಬ. ತಾಳ್ಮೆ ತೀರಿದ ಹೊತ್ತಿಗೆ ನಮಗೆ ನೀವು ಕೊಟ್ಟದ್ದು ಆ ಕೋಣೆಯೊಂದೇ. ಇನ್ನು ನಾವು ಎಲ್ಲಿಗೆ ಹೋಗಬೇಕು?"

ಕಪಾಟಿನ ಎತ್ತರಕ್ಕಾಗಿ ನೆಲದ ಮೇಲೆ ಮೊಣಕಾಲೂರಿದ್ದವಳು, ಇದೊಂದನ್ನು ಯಾರನ್ನೂ ಕೇಳಿರಲಿಲ್ಲ.

ಕೆಲವು ದಿನ ಅವಳು ಯಾವ ಮಗುವನ್ನೂ ಗ್ರಂಥಾಲಯಕ್ಕೆ ಕರೆಯಲಿಲ್ಲ. ಶಿಕ್ಷಕರಿಗೆ ಮಾತ್ರ ಒಂದು ಮಾತು ಹೇಳಿದಳು: ತಾಳ್ಮೆ ತೀರಿದರೆ ಮಗುವನ್ನು ಹೊರಗೆ ಕಳಿಸಬೇಡಿ, ನನಗೆ ಹೇಳಿಕಳಿಸಿ. ನಾನು ಬಂದು ನಿಮ್ಮ ತರಗತಿಯಲ್ಲಿ ನಿಲ್ಲುತ್ತೇನೆ. ನೀವು ಹೋಗಿ ಗ್ರಂಥಾಲಯದಲ್ಲಿ ಕುಳಿತುಕೊಳ್ಳಿ.

ಮೊದಲು ಹೋದವನು ಆ ಹಿರಿಯ ಶಿಕ್ಷಕನೇ. ಮಕ್ಕಳು ಅದನ್ನು ಕಂಡು ಗಾಬರಿಯಾದರು. ನಮ್ಮ ಸರ್ ಏನು ತಪ್ಪು ಮಾಡಿದರು ಎಂದು ಒಂದು ಮಗು ಮುಖ್ಯೋಪಾಧ್ಯಾಯಿನಿಯನ್ನು ಅಳುತ್ತ ಕೇಳಿತು. ಆದರೆ ಸರ್ ಗೋಡೆಗೆ ಮುಖ ಮಾಡಿರಲಿಲ್ಲ. ಜಮಖಾನೆಯ ಮೇಲೆ ಕಾಲು ಚಾಚಿ ಕುಳಿತು, ಮಕ್ಕಳ ಚಿತ್ರಪುಸ್ತಕವೊಂದನ್ನು ತಿರುವಿಹಾಕುತ್ತ ಒಬ್ಬನೇ ನಗುತ್ತಿದ್ದ. ಕಿಟಕಿಯಲ್ಲಿ ತಲೆಗಳು ಮೂಡಿದವು. ಅವನು ಅವರನ್ನು ಒಳಗೆ ಕರೆಯಲಿಲ್ಲ. ಪುಸ್ತಕವನ್ನು ಕಿಟಕಿಯ ಕಡೆಗೆ ತಿರುಗಿಸಿ ಹಿಡಿದು, ಗಟ್ಟಿಯಾಗಿ ಓದತೊಡಗಿದ.

ದಿನ ಕಳೆದಂತೆ ಆ ಕೋಣೆ ತುಂಬಿತು. ಮುಂದಿನ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳು ಓಡುತ್ತ ಒಳಗೆ ನುಗ್ಗಿ ಕಪಾಟುಗಳನ್ನು ಅಲ್ಲೋಲಕಲ್ಲೋಲ ಮಾಡಿದರು. ಶಿಕ್ಷಕರು ತರಗತಿಯನ್ನೇ ಅಲ್ಲಿಗೆ ತಂದು ನಕ್ಷೆ ಹರಡಿ ಪಾಠ ಮಾಡಿದರು. ಗಲಾಟೆ ಕಚೇರಿಯವರೆಗೂ ಕೇಳುತ್ತಿತ್ತು. ಮುಖ್ಯೋಪಾಧ್ಯಾಯಿನಿ ತನ್ನ ಬಾಗಿಲನ್ನು ತೆರೆದೇ ಇಡುತ್ತಿದ್ದಳು.

ಆದರೆ ಎಲ್ಲರೂ ಒಳಗೆ ಬರಲಿಲ್ಲ. ಅಂದು ಗೋಡೆಯ ಮುಂದೆ ಮಾತಾಡಿದ ಹುಡುಗಿ ಪುಸ್ತಕ ಓದುತ್ತಿದ್ದಳು, ಬಹಳ ಓದುತ್ತಿದ್ದಳು. ಬೇಕಾದುದನ್ನು ಗೆಳತಿಯಿಂದ ತರಿಸಿಕೊಂಡು, ಹೊಸ್ತಿಲಿನ ಹೊರಗೆ ಕುಳಿತು ಓದುತ್ತಿದ್ದಳು. ಶಾಲೆ ಬಿಟ್ಟು ಹೋಗುವವರೆಗೂ ಅವಳು ಹೊಸ್ತಿಲು ದಾಟಲಿಲ್ಲ. ಮುಖ್ಯೋಪಾಧ್ಯಾಯಿನಿ ಒಮ್ಮೆಯೂ ಅವಳನ್ನು ಒಳಗೆ ಬಾ ಎಂದು ಒತ್ತಾಯಿಸಲಿಲ್ಲ. ಬಿಡುವಾದಾಗ ತಾನೂ ಒಂದು ಪುಸ್ತಕ ಹಿಡಿದು ಬಂದು, ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಅಡವೀಶ ದೊಡ್ಡದೊಂದು ಉಸಿರು ಬಿಟ್ಟ. ಕೇಳಿಯೇ ಮೈ ನಡುಗಿತು ಎಂದ. ಪುಣ್ಯಕ್ಕೆ ನಮ್ಮ ಶಾಲೆಯಲ್ಲಿ ಅಂಥ ಶಿಕ್ಷೆ ಯಾವುದೂ ಇಲ್ಲ, ಮಕ್ಕಳನ್ನು ಯಾರೂ ಬೈಯುವುದೂ ಇಲ್ಲ, ನಾನೇ ದಿನವೂ ಗ್ರಂಥಾಲಯದಲ್ಲಿ ಕುಳಿತು ನೋಡಿಕೊಳ್ಳುತ್ತೇನೆ ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು: "ನೀನು ಕುಳಿತಿರುವಾಗ ಅಲ್ಲಿ ಮಕ್ಕಳು ನಗುತ್ತಾರೋ, ನೀನು ಎದ್ದು ಹೊರಗೆ ಹೋದ ಮೇಲೋ, ಅಡವೀಶ?"